ಬಚ್ಚಲ ನೀರಿನ ದಾರಿ

ಸಪ್ತಾಪುರದ ನಮ್ಮ ಓಣಿಯ ಒಳಚರಂಡಿ ಕೊಳವೆಗೆ ಪ್ಲಾಸ್ಟಿಕ್ ಅಸ್ತರ ಹಾಕಿದಾಗ ನಾವೆಲ್ಲ ಸಂತೋಷಪಟ್ಟಿದ್ದೆವು. ರಸ್ತೆ ಅಗೆಯಲಿಲ್ಲ, ಮಣ್ಣಿನ ಗುಡ್ಡೆ ಬೀಳಲಿಲ್ಲ. ಒಂದು ಲಾರಿ ಬಂದು ಓಣಿಯ ತಲೆಯಲ್ಲಿ ನಿಂತಿತು. ಅಂಟಿನಲ್ಲಿ ನೆನೆಸಿದ ಉದ್ದನೆಯ ಚೀಲವನ್ನು ಮ್ಯಾನ್‌ಹೋಲಿನಿಂದ ಹಳೆಯ ಕೊಳವೆಯೊಳಗೆ ಇಳಿಸಿದರು, ಬಿಸಿನೀರು ತುಂಬಿ ಉಬ್ಬಿಸಿದರು. ಅದು ಕೊಳವೆಯ ಒಳಮೈಗೆ ಹತ್ತಿಕೊಂಡು ಗಟ್ಟಿಯಾಯಿತು. ಬಿರುಕುಬಿಟ್ಟ ಕೊಳವೆಯೊಳಗೆ ಹೊಸದೊಂದು ಕೊಳವೆ. ಕುಪ್ಪಸಕ್ಕೆ ಅಸ್ತರ ಕೊಟ್ಟ ಹಾಗೆ ಎಂದು ನಾನು ಎದುರು ಮನೆಯ ಗೆಳತಿಗೆ ಹೇಳಿದೆ. ಅವರು ಹತ್ತಾರು ಜನಕ್ಕೆ ಹೇಳಿದರು. ಅಂದಿನಿಂದ ಓಣಿಯವರ ಬಾಯಲ್ಲಿ ಅದು ಅಸ್ತರವೇ ಆಯಿತು.

ಅಸ್ತರ ಹಾಕಿದಾಗ ಮನೆಮನೆಯಿಂದ ಬಂದು ಕೂಡುವ ಸಣ್ಣ ಕೊಳವೆಗಳ ಬಾಯಿಯೂ ಮುಚ್ಚಿಹೋಗುತ್ತದೆ. ಆಮೇಲೆ ಗಾಲಿಯ ಮೇಲೆ ಕ್ಯಾಮೆರಾ ಇಟ್ಟು ಒಳಗೆ ಬಿಡುತ್ತಾರೆ. ಅದರ ಹಿಂದೆಯೇ ಕೊರೆಯುವ ಯಂತ್ರ ಹೋಗಿ ಒಂದೊಂದೇ ಬಾಯಿಯನ್ನು ಬಿಡಿಸುತ್ತದೆ. ಮನೆಗೊಂದು ಬಾಯಿ ಎಂದು ಲೆಕ್ಕ ಹಿಡಿದು ಅವರು ಬಿಡಿಸಿಕೊಂಡು ಹೋದರು. ಗೆಳತಿಯ ಮನೆಗೆ ಎರಡು ಬಾಯಿಗಳಿದ್ದವು.

ಅದಕ್ಕೆ ಕಾರಣ ಅವರೇ. ಅವರದು ಲಿಂಗವಂತರ ಮನೆತನ. ಯಜಮಾನರು ಕಾಳುಕಡಿ ವ್ಯಾಪಾರಿ. ಅವರು ತೀರಿಕೊಂಡ ಮೇಲೆ ಹುಬ್ಬಳ್ಳಿಯ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದಾನೆ. ಮನೆ ಕಟ್ಟಿಸುವಾಗ ಗೆಳತಿ ಗಂಡನಿಗೆ ಒಂದೇ ಮಾತು ಹೇಳಿದ್ದರಂತೆ. ತಾನು ಸ್ನಾನ ಮಾಡಿ ಲಿಂಗಕ್ಕೆ ನೀರು ಹಾಕುವವಳು, ತನ್ನ ಬಚ್ಚಲಿನ ನೀರು ಪಾಯಖಾನೆಯ ನೀರಿನ ಜೊತೆ ತನ್ನ ಅಂಗಳದಲ್ಲಿ ಕೂಡಬಾರದು. ಯಜಮಾನರು ನಕ್ಕರೂ ಎರಡು ಕೊಳವೆ ಹಾಕಿಸಿದರು. ಪಾಯಖಾನೆಯದು ಹಿತ್ತಲಿನಿಂದ ಸುತ್ತಿಕೊಂಡು ಬಂದು ರಸ್ತೆ ಸೇರುತ್ತಿತ್ತು. ಬಚ್ಚಲಿನದು ಪೂಜೆಗೆ ಬಿಲ್ವದೆಲೆ ಕೊಡುವ ಪತ್ರಿಗಿಡದ ಪಕ್ಕದಿಂದ ನೇರ ಹೊರಗೆ ಹೋಗುತ್ತಿತ್ತು.

ನಾನು ಬೆಳೆದದ್ದು ಮಿಷನ್ ಶಾಲೆಯ ವಸತಿಗೃಹದಲ್ಲಿ. ಏಳುವುದಕ್ಕೆ, ಉಣ್ಣುವುದಕ್ಕೆ, ಪ್ರಾರ್ಥನೆಗೆ, ದೀಪ ಆರಿಸುವುದಕ್ಕೆ ಎಲ್ಲಕ್ಕೂ ಗಂಟೆ. ಆಮೇಲೆ ಅಲ್ಲಿಯೇ ಶಿಕ್ಷಕಿಯಾದೆ, ವಸತಿಗೃಹದ ಮೇಲ್ವಿಚಾರಕಿಯಾದೆ, ಆ ಗಂಟೆಯನ್ನು ನಾನೇ ಬಾರಿಸಿದೆ. ನಿವೃತ್ತಿಯಾದಾಗ ಹಿತ್ತಾಳೆಯ ಕೈಗಂಟೆಯನ್ನು ಕೇಳಿ ತಂದುಕೊಂಡೆ. ಬೇರೆಯವರ ಮನೆಯ ಹೊತ್ತುಗೊತ್ತಿನ ಬಗ್ಗೆ ನನಗೆ ಸಾಮಾನ್ಯವಾಗಿ ಒಳ್ಳೆಯ ಅಭಿಪ್ರಾಯ ಇರುವುದಿಲ್ಲ. ಈ ಗೆಳತಿಯ ಬಗ್ಗೆ ಇತ್ತು. ಬೆಳಗ್ಗೆ ಆರಕ್ಕೆ ಅವರ ಬಚ್ಚಲಿನಲ್ಲಿ ತಂಬಿಗೆಯ ಸದ್ದು ಕೇಳಿದರೆ ನಾನು ಗಡಿಯಾರ ನೋಡಬೇಕಾಗುತ್ತಿರಲಿಲ್ಲ. ಸ್ನಾನ, ಆಮೇಲೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ, ಆಮೇಲೆ ಮೊದಲ ಗುಟುಕು ನೀರು. ಮದುವೆಯಾಗಿ ಬಂದಾಗಿನಿಂದ ಅದು ತಪ್ಪಿರಲಿಲ್ಲ. ಅವರಿಗೆ ನಾನು ಬಾಯಾರು, ನನಗೆ ಅವರು ಅಕ್ಕಾರು. ಅಷ್ಟು ವರ್ಷದ ಸ್ನೇಹವಾದರೂ ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯಲಿಲ್ಲ.

ಮುಚ್ಚಿಹೋದ ಬಾಯಿಯ ವಿಷಯ ತಕ್ಷಣ ಯಾರಿಗೂ ಗೊತ್ತಾಗಲಿಲ್ಲ. ಬಚ್ಚಲಿನ ನೀರು ಹಳೆಯ ಕೊಳವೆಯ ಬಿರುಕುಗಳಲ್ಲಿ, ಅಸ್ತರದ ಬೆನ್ನ ಹಿಂದೆ, ಹೇಗೋ ದಾರಿ ಮಾಡಿಕೊಂಡು ಜಾರುತ್ತಿತ್ತು. ಬಚ್ಚಲು ನಿಧಾನ ಬರಿದಾಗುತ್ತದೆ ಎಂದು ಸೊಸೆ ಆಗಾಗ ಸೋಡಾ ಸುರಿದು ಬಿಸಿನೀರು ಹಾಕುತ್ತಿದ್ದಳು. ಹೀಗೆ ಕೆಲವು ವರ್ಷ ನಡೆಯಿತು. ಒಂದು ಮಳೆಗಾಲದಲ್ಲಿ ಓಣಿಯ ಮೇಲಿನ ಮನೆಗಳ ಪಾಯಖಾನೆಗಳೆಲ್ಲ ಒಟ್ಟಿಗೆ ತುಂಬಿಕೊಂಡವು. ಗೆಳತಿಯ ಬಚ್ಚಲಿನಲ್ಲಿ ಕಪ್ಪು ನೀರು ಎದ್ದು ನಿಂತಿತು.

ಕ್ಯಾಮೆರಾದ ವ್ಯಾನು ಬಂತು. ಗುತ್ತಿಗೆದಾರರ ಕಡೆಯ ಎಂಜಿನಿಯರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಉಣಕಲ್‌ನಿಂದ ದಿನಾ ಸ್ಕೂಟರಿನಲ್ಲಿ ಬರುವವಳು. ವ್ಯಾನಿನ ಪರದೆಯ ಮುಂದೆ ಅರ್ಧ ಓಣಿ ನೆರೆಯಿತು. ಕ್ಯಾಮೆರಾ ತೆವಳುತ್ತ ಹೋಗಿ ಒಂದು ಕಡೆ ನಿಂತಿತು. ಮುಂದೆ ದಾರಿಯೇ ಇರಲಿಲ್ಲ. ಬೆಳ್ಳಗಿನ ಅಸ್ತರ ಮುದುರಿಕೊಂಡು, ಒಂದು ಕಡೆ ಹರಿದು, ಕೊಳವೆಯ ತುಂಬ ಉಬ್ಬಿ ಕುಳಿತಿತ್ತು. ಅದು ಗೆಳತಿಯ ಮನೆಯ ಎದುರಿನ ಜಾಗ. ಹುಡುಗಿ ವಿವರಿಸಿದಳು. ಮುಚ್ಚಿಹೋದ ಬಾಯಿಯಿಂದ ಬಂದ ನೀರು ಅಸ್ತರದ ಹಿಂದೆ ತುಂಬಿಕೊಂಡು, ಅದನ್ನು ಗೋಡೆಯಿಂದ ಬಿಡಿಸಿ, ಒಳಗೆ ನೂಕಿದೆ. ತಪ್ಪು ಅಸ್ತರ ಹಾಕಿದವರದು, ಎರಡನೆಯ ಬಾಯಿ ಇದೆಯೇ ಎಂದು ಅವರು ಮನೆಗೆ ಹೋಗಿ ಕೇಳಬೇಕಿತ್ತು, ಎಂದೂ ಹೇಳಿದಳು.

ತಲೆಯ ಮೇಲೆ ಸೆರಗು ಹೊದ್ದು ಹಿಂದೆ ನಿಂತಿದ್ದ ಗೆಳತಿ ಎಲ್ಲವನ್ನೂ ಕೇಳಿಸಿಕೊಂಡರು. ತಪ್ಪು ಯಾರದು ಎಂಬ ಭಾಗ ಮಾತ್ರ ಅವರ ಕಿವಿಗೆ ಹೋಗಲಿಲ್ಲ. ಮೂರು ಅಂತಸ್ತು ಕಟ್ಟಿ ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮೇಲಿನ ಮನೆಯ ಮಾಲೀಕರು ಸುಮ್ಮನಿರಲಿಲ್ಲ.

"ಅವ್ವಾರ, ನಿಮ್ಮ ಮಡಿ ಓಣಿಗೆ ಭಾಳ ತುಟ್ಟಿ ಬಿತ್ತ ನೋಡ್ರಿ."

"ಹೌದೋ ಯಪ್ಪಾ," ಎಂದರು ಗೆಳತಿ. "ನಿನ್ನ ಮನ್ಯಾಗಿನ ಹುಡುಗರು ಹಬ್ಬಕ್ಕೊಮ್ಮೆ ಜಳಕಾ ಮಾಡ್ತಾರ. ನಿನಗ ಗಟಾರದ ಚಿಂತಿ ಯಾಕ?"

ಎಲ್ಲರೂ ನಕ್ಕರು, ಅವರೂ ನಕ್ಕರು. ಮನೆಯ ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದು, ತನ್ನ ಒಂದು ಬಚ್ಚಲಿನಿಂದ ಇಷ್ಟು ಮನೆಗಳಿಗೆ ತ್ರಾಸಾಯಿತಲ್ಲ ಎಂದು ಮೆಲ್ಲಗೆ ಹೇಳಿದರು. 

ನನ್ನ ಮನೆ ಹಳೆಯದು. ಅದರ ನೀರು ಹಿತ್ತಲಿನ ಇಂಗುಗುಂಡಿಗೆ ಹೋಗುತ್ತದೆ, ರಸ್ತೆಯ ಕೊಳವೆಗೆ ಅದರ ಸಂಬಂಧವಿಲ್ಲ. ಆರು ಗಂಟೆಗೆ ನೀರು ಕಾಯಿಸಿಟ್ಟಿರುತ್ತೇನೆ, ಬನ್ನಿ ಎಂದೆ. ಅವರು ಒಪ್ಪಲಿಲ್ಲ. ಮರುದಿನ ಆರು ಗಂಟೆಗೆ ಒಪ್ಪಿದರು. ಕೈಯಲ್ಲಿ ತಮ್ಮ ತಾಮ್ರದ ತಂಬಿಗೆ, ಹೆಗಲ ಮೇಲೆ ಒಣಗಿದ ಸೀರೆ. ಕ್ರೈಸ್ತಳ ಬಚ್ಚಲಿನಲ್ಲಿ ಸ್ನಾನ ಮಾಡುವುದಕ್ಕೆ ಸಂಕೋಚವೇ ಎಂದು ನಾನು ನೇರವಾಗಿ ಕೇಳಿದೆ. ಬಚ್ಚಲಿಗೆ ಜಾತಿ ಇಲ್ಲ, ಹೊಲಸು ಮತ್ತು ಸ್ವಚ್ಛ ಅಷ್ಟೇ ಇರುವುದು, ನಿಮ್ಮದು ಆಸ್ಪತ್ರೆಯ ಹಾಗೆ ಇದೆ ಎಂದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಸ್ನಾನ ಮುಗಿಸಿ ಅವರು ರಸ್ತೆ ದಾಟುವಾಗ ಯಾರೂ ತಾಗಬಾರದು. ನಾನು ಗೇಟಿನ ಹೊರಗೆ ನಿಂತು, ಕೋಚಿಂಗ್ ಕ್ಲಾಸಿಗೆ ಓಡುವ ಹುಡುಗರ ಬೈಕುಗಳನ್ನು ಕೈ ಅಡ್ಡ ಮಾಡಿ ನಿಲ್ಲಿಸುತ್ತಿದ್ದೆ. ಹುಡುಗರು ಗೊಣಗುತ್ತಿದ್ದರು, ಆದರೆ ನಿಲ್ಲುತ್ತಿದ್ದರು. ಒಂದು ದಿನ ಮಳೆ ಜೋರಾಗಿ ಬಂದು ಮ್ಯಾನ್‌ಹೋಲು ಉಕ್ಕಿ, ರಸ್ತೆಯ ತುಂಬ ಹೊಲಸು ನೀರು ಹರಿಯತೊಡಗಿತು. ಅದನ್ನು ತುಳಿದು ಹೋದರೆ ಸ್ನಾನ ಮಾಡಿಯೂ ಮಾಡದ ಹಾಗೆ. ಬಾಗಿಲಲ್ಲಿ ನಿಂತು ನೋಡಿದರು. ನಾನು ಮುಂದಿನ ಕೋಣೆಯಲ್ಲಿ ಮಣೆ ಹಾಕಿದೆ. ಅವರು ಗೋಡೆಯ ಮೇಲಿನ ಶಿಲುಬೆಯನ್ನು ಒಮ್ಮೆ ನೋಡಿ, ಕುಳಿತು, ಕೊರಳಿನ ಕರಡಿಗೆ ಬಿಚ್ಚಿದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಆ ಹೊತ್ತು ನಾನು ಬೈಬಲ್ ಓದುವ ಹೊತ್ತು. ನಾನು ಮೇಜಿನ ಮುಂದೆ ಕುಳಿತು ಓದಿದೆ. ಕೋಣೆಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಇಬ್ಬರದೂ ಒಟ್ಟಿಗೇ ಮುಗಿಯಿತು. ಅವತ್ತು ಅವರ ಮೊದಲ ಗುಟುಕು ನೀರನ್ನು ಕೊಟ್ಟವಳು ನಾನು.

ರಿಪೇರಿ ಹೇಗೆ ಎಂದು ನಿಶ್ಚಯವಾಯಿತು. ಮುದುರಿದ ಅಸ್ತರವನ್ನು ಯಂತ್ರದಿಂದ ತುಂಡುತುಂಡಾಗಿ ಕೊಯ್ದು ಎಳೆಯಬೇಕು. ಗೆಳತಿಯ ಮನೆಯ ಎದುರು ಹಳೆಯ ಕೊಳವೆಯೇ ಕುಸಿದಿದೆ, ಅಲ್ಲಿ ರಸ್ತೆ ಅಗೆದು ಹೊಸ ಕೊಳವೆ ಕೂಡಿಸಬೇಕು. ಅಸ್ತರ ಹಾಕಿದ್ದೇ ಅಗೆಯುವುದು ಬೇಡವೆಂದು. ಈಗ ಅಗೆತವೂ ಬಂತು. ಎಂಜಿನಿಯರ್ ಹುಡುಗಿ ಗೆಳತಿಯ ಅಂಗಳಕ್ಕೆ ಬಂದು, ಇನ್ನು ಮುಂದೆ ಮನೆಗೆ ಒಂದೇ ಜೋಡಣೆ, ಎರಡು ಕೊಳವೆಗಳನ್ನೂ ಒಂದು ಚೇಂಬರಿನಲ್ಲಿ ಕೂಡಿಸಬೇಕು ಎಂದಳು. ಚೇಂಬರೆಂದರೆ ನೆಲದಲ್ಲಿ ಇಟ್ಟಿಗೆಯಿಂದ ಕಟ್ಟುವ ಮುಚ್ಚಳವಿರುವ ಗುಂಡಿ. ನಿಯಮ ಸರಿಯಾಗಿದೆ ಎಂದು ನನಗೆ ಅನ್ನಿಸಿತು. ಹಾಗೆಯೇ ಹೇಳಿದೆ. ಇಂಥ ವಿಷಯದಲ್ಲಿ ನಾನು ಯಾವಾಗಲೂ ನಿಯಮದ ಕಡೆಗೆ.

ಗೆಳತಿ ವಾದ ಮಾಡಲಿಲ್ಲ. ಎಲ್ಲಿ ಕೂಡುತ್ತದೆ ತೋರಿಸು ಎಂದರು. ಹುಡುಗಿ ಪತ್ರಿಗಿಡದ ಬುಡದಿಂದ ಸ್ವಲ್ಪ ಈಚೆ, ಕಾಂಪೌಂಡ್ ಗೋಡೆಯ ಒಳಗೆ ಕಾಲಿನಿಂದ ಗೆರೆ ಎಳೆದಳು. ಗೆಳತಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಗೋಡಿ ಹೊರಗ ಕೂಡಸ್ತೀಯೇನವಾ?" ಎಂದರು. "ನನ್ನ ಅಂಗಳ ದಾಟೂಮಟ ಬ್ಯಾರೆ ಇರ್ಲಿ. ಆಮ್ಯಾಲೆ ಅದು ಊರ ನೀರು, ಊರಿಗೆ ಹೋಗ್ಲಿ."

"ಹೊರಗ ಅಂದ್ರ ಚೇಂಬರ್ ಭಾಳ ಆಳ ತೊಗೋಬೇಕಾಕ್ಕೈತ್ರಿ ಅವ್ವಾರ. ಟೈಮ್ ಹಿಡಿತೈತಿ."

"ಹಿಡೀಲಿ. ನನಗೇನ್ ಗಡಿಬಿಡಿ ಐತಿ? ಬಾಯಾರ ಮನ್ಯಾಗ ಬಿಸಿನೀರ ಐತಿ."

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವತ್ತು ಗೆಳತಿ ಆರೋಗ್ಯವಾಗಿದ್ದರು. ಒಂದಿಷ್ಟು ದಿನ ತಡವಾದರೆ ಏನಾಗುತ್ತದೆ ಎಂದು ಮೂವರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಕೆಲಸ ಶುರುವಾಯಿತು. ಕೆಲಸಗಾರರು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಉಳಿದುಕೊಂಡಿದ್ದರು, ಬೆಳಗ್ಗೆ ಟೆಂಪೋದಲ್ಲಿ ಬರುತ್ತಿದ್ದರು. ಅಸ್ತರದ ತುಂಡುಗಳು ಒಡೆದ ಬಕೆಟ್ಟಿನ ಚೂರುಗಳಂತೆ ರಸ್ತೆಯ ಅಂಚಿನಲ್ಲಿ ಬಿದ್ದವು. ಮೊದಲನೆಯ ವಾರವೇ ಒಂದು ಕೆಟ್ಟ ಘಟನೆ ನಡೆಯಿತು. ಮೇಸ್ತ್ರಿ ಅಗೆದ ತಗ್ಗಿನಲ್ಲಿ ಇಳಿದು ಕೊಳವೆಯ ತುದಿ ಕೆರೆಯುತ್ತಿದ್ದಾಗ ಮೇಲಿನ ಯಾವುದೋ ಮನೆಯವರು ನೀರು ಬಿಟ್ಟರು. ಅದು ಯಾವ ನೀರು ಎಂದು ಬರೆಯುವುದಿಲ್ಲ. ಎದೆಯವರೆಗೆ ತೊಯ್ದ ಮೇಸ್ತ್ರಿ ಮೇಲೆ ಬಂದು, ಯಾರನ್ನೂ ಬಯ್ಯದೆ, ಟೆಂಪೋದ ಹಿಂದೆ ಹೋಗಿ ನಿಂತ. ಗೆಳತಿ ಕಿಟಕಿಯಿಂದ ನೋಡಿದ್ದರು. ಸೊಸೆಯ ಕೈಯಲ್ಲಿ ಸಾಬೂನು, ಟವೆಲ್ಲು, ಮಗನ ಹಳೆಯ ಅಂಗಿ ಕಳಿಸಿದರು. ನನ್ನನ್ನು ಕರೆದು, ಬಾಯಾರ, ನೀವು ಇದ್ದೂ ಹೀಗಾಗಬೇಕೇ ಎಂದು ಕೇಳಿದರು.

ಅಂದೇ ಕಪಾಟಿನಿಂದ ಗಂಟೆ ಹೊರಗೆ ಬಂತು. ಮನೆಮನೆಗೆ ಹೋಗಿ ಹೇಳಿದೆ. ಮೊದಲ ಗಂಟೆ ಆದ ಮೇಲೆ ಓಣಿಯ ಯಾವ ಮನೆಯಿಂದಲೂ ಒಂದು ತಂಬಿಗೆ ನೀರು ಕೊಳವೆಗೆ ಹೋಗಕೂಡದು. ಎರಡನೆಯ ಗಂಟೆ ಆದ ಮೇಲೆ ಬಿಡಬಹುದು. ನಡುವೆ ಮನುಷ್ಯರು ತಗ್ಗಿನಲ್ಲಿರುತ್ತಾರೆ. ಮೂರು ಅಂತಸ್ತಿನ ಮನೆಯ ಬಾಲ್ಕನಿಯಿಂದ ಒಬ್ಬ ವಿದ್ಯಾರ್ಥಿ ಕೇಳಿದ, "ಬಾಯಾರ, ಅಟೆಂಡೆನ್ಸ್ ತೊಗೋತೀರೇನ್ರಿ?" ಬಚ್ಚಲ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತೇನೆ ಎಂದೆ. ಆಮೇಲೆ ತಕರಾರು ಬರಲಿಲ್ಲ. ಎರಡನೆಯ ಗಂಟೆ ಬಾರಿಸಿದ ಕೂಡಲೇ ಎಲ್ಲ ಮನೆಗಳ ನಲ್ಲಿ, ಫ್ಲಶ್ಶು, ಬಟ್ಟೆ ತೊಳೆಯುವ ಮಷೀನು ಒಟ್ಟಿಗೆ ಶುರುವಾಗಿ ಇಡೀ ಓಣಿಯ ನೆಲದಡಿ ಗುಳುಗುಳು ಎನ್ನುತ್ತಿತ್ತು. ಮೇಸ್ತ್ರಿ ಕೆಳಗಿನ ಮ್ಯಾನ್‌ಹೋಲಿನ ಹತ್ತಿರ ಬಗ್ಗಿ ನಿಂತು, ಸಾಲಿ ಬಿಟ್ಟಂಗಾತ್ರಿ ಎಂದು ನಗುತ್ತಿದ್ದ.

ಹೊರಗಿನ ಚೇಂಬರಿನ ತಗ್ಗು ಅರ್ಧ ಆಗುವಷ್ಟರಲ್ಲಿ ಗೆಳತಿಗೆ ಜ್ವರ ಬಂತು. ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು, ವಯಸ್ಸಾಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ಗೆಳತಿಗೆ ಎದ್ದು ಕೂರಲು ಇಬ್ಬರ ಕೈ ಬೇಕಾಗಿತ್ತು. ನನ್ನ ಮನೆಯವರೆಗೆ ರಸ್ತೆ ದಾಟುವ ಮಾತೇ ಇರಲಿಲ್ಲ.

ಅವರ ಬಚ್ಚಲು ಆಗ ಬಚ್ಚಲಾಗಿ ಉಳಿದಿರಲಿಲ್ಲ. ಹೊಸ ಕೊಳವೆ ಹಾಕಲು ನೆಲದ ಕಲ್ಲು ಕಿತ್ತಿದ್ದರು. ನಾನು ಬೆಳಗ್ಗೆ ಆರಕ್ಕೆ ಬಿಸಿನೀರು ಒಯ್ದು, ಸೊಸೆಯ ಜೊತೆ ಸೇರಿ ಅವರ ಮೈ ಒರೆಸುತ್ತಿದ್ದೆ. ವಸತಿಗೃಹದಲ್ಲಿ ಜ್ವರ ಬಂದ ಮಕ್ಕಳಿಗೆ ಮಾಡುತ್ತಿದ್ದ ಕ್ರಮದಲ್ಲೇ ಮಾಡಿದೆ. ಮೊದಲು ಮುಖ, ಕೊನೆಗೆ ಪಾದ, ಒರೆಸಿದ ಭಾಗವನ್ನು ಕೂಡಲೇ ಮುಚ್ಚುವುದು. ಅವರು ಕಣ್ಣು ಮುಚ್ಚಿಕೊಂಡು ಎಲ್ಲ ಮಾಡಿಸಿಕೊಂಡರು.

"ಇದು ಜಳಕ ಅಲ್ರಿ ಬಾಯಾರ," ಎಂದರು ಆಮೇಲೆ. "ಬೋರ್ಡ್ ಒರಸಿದಂಗ ಒರಸೀರಿ ನನ್ನ."

ಸೊಸೆ, ಹಿತ್ತಲಿನಲ್ಲಿ ಪರದೆ ಕಟ್ಟಿ ಸ್ನಾನ ಮಾಡಿಸಲೇ ಎಂದು ಕೇಳಿದಳು. ಅಂಗಳದಲ್ಲಿ ಮೈ ತೊಳೆಸಿಕೊಳ್ಳಲು ತಾನೇನು ಎಮ್ಮೆಯೇ ಎಂದರು. ಮಠದಿಂದ ಅಯ್ಯನವರು ಬಂದು ಹಣೆಗೆ ವಿಭೂತಿ ಹಚ್ಚಿ, ಕಾಯಿಲೆಯವರಿಗೆ ಭಸ್ಮವೇ ಸ್ನಾನ, ಅದು ಸಾಲುತ್ತದೆ, ಶಾಸ್ತ್ರದಲ್ಲೇ ಇದೆ ಎಂದು ಸಮಾಧಾನದಿಂದ ಹೇಳಿದರು. ಗೆಳತಿ ಕೈಮುಗಿದು ಕೇಳಿಸಿಕೊಂಡರು. ಅಯ್ಯನವರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಅವರು ತಿಳಿದಾವರು, ಹೇಳ್ತಾರ. ನನಗ ನೀರ ಬೇಕ್ರಿ. ತಲಿ ಮ್ಯಾಲಿಂದ."

ಪೂಜೆಯನ್ನು ಬಿಡಲಿಲ್ಲ. ಮಲಗಿದಲ್ಲೇ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಿದ್ದರು, ಬೆರಳು ನಡುಗದಂತೆ ಸೊಸೆ ಕೆಳಗಿನಿಂದ ಕೈ ಹಿಡಿಯುತ್ತಿದ್ದಳು. ಆದರೆ ಸ್ನಾನವಿಲ್ಲದ ಪೂಜೆ ಅವರಿಗೆ ಹತ್ತಲಿಲ್ಲ. ಪೂಜೆಯಾದ ಮೇಲಿನ ಗಂಜಿಯೂ ಹತ್ತಲಿಲ್ಲ. ಎರಡು ಚಮಚಕ್ಕೆ ಸಾಕೆನ್ನುತ್ತಿದ್ದರು. ಸಂಜೆ ನಾನು ಹೋದಾಗ ಒಂದೇ ಪ್ರಶ್ನೆ. "ಚೇಂಬರ್ ಎಲ್ಲಿಗೆ ಬಂತ್ರಿ?"

ನಾನು ತಗ್ಗಿನ ಹತ್ತಿರ ನಿಂತು ನೋಡಿ ಬಂದು ವರದಿ ಒಪ್ಪಿಸುತ್ತಿದ್ದೆ. ಇಂದು ತಳಕ್ಕೆ ಕಾಂಕ್ರೀಟು ಹಾಕಿದರು. ಇಂದು ಇಟ್ಟಿಗೆ ಮೊಣಕಾಲಿನಷ್ಟು ಎತ್ತರ ಬಂತು. ಇಂದು ಮಳೆ ಬಂದು ಬದಿಯ ಮಣ್ಣು ಕುಸಿಯಿತು, ನೀರು ಎತ್ತುವ ಪಂಪು ತಂದಿದ್ದಾರೆ.  ಮಣ್ಣು ಕುಸಿದ ಸಂಜೆ ಅವರು, ಗೋಡೆಯ ಒಳಗೇ ಆಗಿದ್ದರೆ ಇಷ್ಟೊತ್ತಿಗೆ ಮುಗಿಯುತ್ತಿತ್ತೇ ಎಂದು ಕೇಳಿದರು. ಮುಗಿಯುತ್ತಿತ್ತು. ಅವರು ಕೇಳಿದ್ದಕ್ಕೆ ನಿಜ ಹೇಳುವುದು ನನಗೆ ಅಭ್ಯಾಸ, ಹೇಳಿದೆ. ಅವರು ಸ್ವಲ್ಪ ನಕ್ಕರು.

"ಇರ್ಲಿ ಬಿಡ್ರಿ. ಪತ್ರಿಗಿಡದ ಬುಡಕ್ಕ ಅದನ್ನ ಕೂಡಿಸಿ ಜಳಕಾ ಮಾಡಿದ್ರೂ ನನಗ ಸಮಾಧಾನ ಆಗ್ತಿದ್ದಿಲ್ಲ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಎಂಜಿನಿಯರ್ ಹುಡುಗಿಗೆ ಇರುವ ವಿಷಯ ತಿಳಿಸಿದೆ. ಅವಳು ಮೇಸ್ತ್ರಿಗೆ ತಿಳಿಸಿದಳು. ಮೇಸ್ತ್ರಿ ಊಟದ ಬಿಡುವನ್ನು ಅರ್ಧ ಮಾಡಿದ. ಬಚ್ಚಲಿನ ನೆಲವನ್ನು ಮೊದಲು ಮುಗಿಸಿದರು, ಹಳೆಯ ಕಲ್ಲುಗಳನ್ನೇ ತೊಳೆದು ಕೂಡಿಸಿದರು. ಹಿಂದಿನ ಇಳಿಜಾರು ಹೇಗಿತ್ತೋ ಹಾಗೆಯೇ ಬರಲಿ ಎಂದು ಸೊಸೆ ನಿಂತು ಮಾಡಿಸಿದಳು. ಹೊರಗೆ ಚೇಂಬರಿನ ಗೋಡೆ ರಸ್ತೆಯ ಮಟ್ಟಕ್ಕೆ ಬಂತು. ಉಳಿದದ್ದು ಎರಡು ಕೊಳವೆಗಳ ತುದಿಯನ್ನು ಚೇಂಬರಿನೊಳಗೆ ಕೂಡಿಸಿ ಸುತ್ತಲೂ ಸಿಮೆಂಟು ಬಳಿಯುವುದು. ನಾಳೆ ಬೆಳಗ್ಗೆ ಅದು ಮುಗಿಯುತ್ತದೆ, ಸಂಜೆ ನೀರು ಬಿಡಬಹುದು ಎಂದು ಮೇಸ್ತ್ರಿ ಹೇಳಿದ. ನಾನು ಹೋಗಿ ಗೆಳತಿಗೆ ವರದಿ ಒಪ್ಪಿಸಿದೆ. ಅವರು ಕಣ್ಣು ತೆರೆಯದೆ, ಹಂಡೆ ತಿಕ್ಕಿಸಿಡು ಎಂದು ಸೊಸೆಗೆ ಹೇಳಿದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಬೆಳಗ್ಗೆ ಎಂದಿನಂತೆ ನೀರು ಕಾಯಲು ಇಟ್ಟಿದ್ದೆ. ಗೇಟಿನ ಸದ್ದಾಯಿತು. ಆರು ಗಂಟೆ. ಅದು ಗೆಳತಿ ಬರುತ್ತಿದ್ದ ಹೊತ್ತು, ಆದ್ದರಿಂದ ಒಂದು ಕ್ಷಣ ಅವರೇ ಬಂದರೆಂದುಕೊಂಡೆ. ಸೊಸೆ ನಿಂತಿದ್ದಳು, ತಲೆ ಬಾಚಿರಲಿಲ್ಲ.

"ಬಾಯಾರ, ಅತ್ತಿ ಹೋದ್ರು."

ನಾನು ಒಲೆ ಸಣ್ಣ ಮಾಡಿ ಅವಳ ಜೊತೆ ಹೋದೆ.

ಎಂಟರ ಹೊತ್ತಿಗೆ ಮನೆ ತುಂಬಿತು. ಹುಬ್ಬಳ್ಳಿಯಿಂದ, ಸುತ್ತಲಿನ ಹಳ್ಳಿಗಳಿಂದ ಬೀಗರು ಬಂದರು. ಭಜನೆಯವರು ಬಂದು ಪಡಸಾಲೆಯಲ್ಲಿ ಕುಳಿತರು. ಸಾಯಂಕಾಲದೊಳಗೆ ಮಣ್ಣು ಮಾಡಬೇಕು. ಅದಕ್ಕೆ ಮೊದಲು ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕುಳ್ಳಿರಿಸಬೇಕು. ಅಂಗಳದಲ್ಲಿ ಹಲಗೆ ಹಾಕಿ ಎಂದು ಹಿರಿಯರೊಬ್ಬರು ಹೇಳಿದರು. ಸೊಸೆ ಅತ್ತೆಯ ಮಂಚದ ಹತ್ತಿರದಿಂದಲೇ ಉತ್ತರ ಕೊಟ್ಟಳು. ಮಾವನವರ ಕಾಲದಿಂದ ಆ ಮನೆಯಲ್ಲಿ ಅವಳು ಹಿರಿಯರ ಮುಂದೆ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಬಚ್ಚಲದಾಗ ಹಾಕೋಣ್ರಿ. ಅವರು ಅದಕ್ಕಽ ಕಾಯ್ಕೋತ ಇದ್ದರು."

ಹಿರಿಯರು ಗೋಡೆಯ ಕಡೆ ನೋಡಿದರು. ಮಗ ನನ್ನ ಕಡೆ ನೋಡಿದ. ನಾನು ಹೊರಗೆ ಹೋದೆ.

ಕೆಲಸಗಾರರು ಬಂದಿದ್ದರು. ವಿಷಯ ತಿಳಿದು ಟೆಂಪೋವನ್ನು ದೂರ ನಿಲ್ಲಿಸಿ ಸಾಮಾನು ಹೊತ್ತು ತಂದಿದ್ದರು. ದಿನಾ ಹಾಡು ಹೇಳುತ್ತಿದ್ದ ಫೋನು ಸುಮ್ಮನಿತ್ತು. ಮೇಸ್ತ್ರಿ ಚೇಂಬರಿನೊಳಗಿದ್ದ. ನಾನು ಕೇಳಿದ್ದಕ್ಕೆ ಅವನು ಕತ್ತೆತ್ತಿದ.

"ಈಗ ಬಳದೇನ್ರಿ ಬಾಯಾರ. ಹಸೀ ಐತಿ. ಈಗ ನೀರ ಬಿಟ್ರ ಎಲ್ಲಾ ತೊಳಕೊಂಡ ಹೊಕ್ಕೈತಿ. ಮಧ್ಯಾಹ್ನತನಾ ತಡೀತಾರೇನ್ ಕೇಳ್ರಿ."

ಒಳಗೆ ಹೋಗಿ ಹೇಳಿದೆ. ತಡೆಯುತ್ತೇವೆ ಎಂದು ಸೊಸೆ ಹೇಳಿದಳು. 

ಹೀಗೆ ಒಂದು ಸಾವಿನ ಮನೆ ಸಿಮೆಂಟು ಗಟ್ಟಿಯಾಗುವುದನ್ನು ಕಾಯುತ್ತ ಕುಳಿತಿತು. ಮೊದಲ ಗಂಟೆಯನ್ನು ನಾನು ಎಂದಿನ ಹೊತ್ತಿಗೇ ಬಾರಿಸಿದ್ದೆ, ಓಣಿಯ ಎಲ್ಲ ಮನೆಗಳೂ ನೀರು ಬಿಡದೆ ತಡೆದಿದ್ದವು. ಬಂದವರಿಗೆ ಕೈಕಾಲು ತೊಳೆಯಲು ನನ್ನ ಮನೆಗೆ ಕಳಿಸಿದೆವು. ಭಜನೆಯವರು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಶುರು ಮಾಡಿದರು. ಮೂರು ಅಂತಸ್ತಿನ ಮನೆಯ ಮಾಲೀಕರು ಬಂದು ಮೂಲೆಯಲ್ಲಿ ಕುಳಿತರು. ಎಂಜಿನಿಯರ್ ಹುಡುಗಿ ಉಣಕಲ್‌ನಿಂದ ಬಂದು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು, ಹೊರಗೆ ಬಂದು ಚೇಂಬರಿನ ಅಂಚಿನಲ್ಲಿ ನಿಂತಳು. ಒಳಗೆ ಗೆಳತಿ ಮಂಚದ ಮೇಲಿದ್ದರು. ಮುಖದಲ್ಲಿ ಸ್ವಲ್ಪ ಅಸಮಾಧಾನವಿತ್ತು, ಹೊತ್ತಾದರೂ ಸ್ನಾನವಾಗದ ಈಚಿನ ದಿನಗಳಲ್ಲಿ ಇರುತ್ತಿದ್ದಂತೆ. ಹಾಗೆ ನನಗೆ ಕಂಡಿತು.

ಹೊತ್ತು ನೆತ್ತಿಗೆ ಬಂದ ಮೇಲೆ ಮೇಸ್ತ್ರಿ ಬಗ್ಗಿ ಹೆಬ್ಬೆರಳಿನಿಂದ ಸಿಮೆಂಟು ಒತ್ತಿ ನೋಡಿದ. ಇನ್ನೊಂದು ಕಡೆ ಒತ್ತಿದ. ಎದ್ದು ಬಂದು, ಆತ್ರಿ ಎಂದ. ಆಮೇಲೆ ಓಣಿಯ ಕೊನೆಯ ಮ್ಯಾನ್‌ಹೋಲಿಗೆ ಹೋಗಿ ಮುಚ್ಚಳ ಸರಿಸಿ ನಿಂತ. ನೀರು ಅಲ್ಲಿಗೆ ತಲುಪಿದರೆ ದಾರಿ ಸರಿಯಾಗಿದೆ ಎಂದು ಅರ್ಥ.

ನನ್ನ ಒಲೆಯ ಮೇಲಿನ ನೀರನ್ನು ಬೆಳಗಿನಿಂದ ಬಿಸಿಯಾಗಿಯೇ ಇಟ್ಟಿದ್ದೆ. ಕೆಲಸಗಾರರಲ್ಲಿ ಇಬ್ಬರು ಕೈ ತೊಳೆದುಕೊಂಡು ಬಂದು ಅದನ್ನು ರಸ್ತೆಯ ಆಚೆ ಹೊತ್ತರು, ತಿಕ್ಕಿ ಬೆಳಗಿದ್ದ ಹಂಡೆಗೆ ಸುರಿದರು. ಗೆಳತಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದರು. ಹೆಂಗಸರು ಸುತ್ತ ನಿಂತರು. ಸೊಸೆ ತಾಮ್ರದ ತಂಬಿಗೆ ಕೈಗೆ ತೆಗೆದುಕೊಂಡು ನನ್ನನ್ನು ನೋಡಿದಳು. ಅಲ್ಲಿ ನಿಲ್ಲಬೇಕೆಂದು ನನಗೆ ಆಸೆಯಿತ್ತು. ಆದರೆ ಗಂಟೆ ಬಾರಿಸುವವಳು ನಾನು.

ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ಸಾವಿನ ಮನೆಯ ಮುಂದೆ ಇಂಥ ಗಂಟೆ ಬಾರಿಸಬಹುದೇ ಎಂದು ತಿಳಿಯಲಿಲ್ಲ, ಕೇಳಲು ಯಾರೂ ಇರಲಿಲ್ಲ. ಭಜನೆ ಒಂದು ಕ್ಷಣ ನಿಂತಾಗ ಎಂದಿನಷ್ಟೇ ಜೋರಾಗಿ, ಎಂದಿನಷ್ಟೇ ಹೊತ್ತು ಬಾರಿಸಿದೆ. ಅದು ಎರಡನೆಯ ಗಂಟೆ. ಇನ್ನು ಎಲ್ಲರೂ ನೀರು ಬಿಡಬಹುದು.

ಒಳಗೆ ತಂಬಿಗೆ ಹಂಡೆಗೆ ತಾಗಿದ ಸದ್ದು ಕೇಳಿತು. ಕಲ್ಲಿನ ಮೇಲೆ ನೀರು ಬಿತ್ತು. ತಲೆಯ ಮೇಲಿನಿಂದಲೇ ಹಾಕಿರಬೇಕು, ಬಹಳ ಹೊತ್ತು ಬಿತ್ತು. ಚೇಂಬರಿನೊಳಗೆ, ಬಚ್ಚಲಿನ ಕೊಳವೆಯ ಬಾಯಿಂದ ಅದು ಸಣ್ಣಗೆ ಬಂದು, ಹೊಸ ಸಿಮೆಂಟಿನ ಮೇಲೆ ಹರಡಿ, ಕೆಳಗಿನ ದಾರಿ ಹಿಡಿಯಿತು. ವಿಭೂತಿ ಕರಗಿ ಸ್ವಲ್ಪ ಬೆಳ್ಳಗಿತ್ತು. ಪಕ್ಕದ ಪಾಯಖಾನೆಯ ಕೊಳವೆ ಒಣಗಿಯೇ ಇತ್ತು. ಎಂಜಿನಿಯರ್ ಹುಡುಗಿ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ನಡೆದು ಕೆಳಗಿನ ಮ್ಯಾನ್‌ಹೋಲಿಗೆ ಹೋದೆ. ಎರಡನೆಯ ಗಂಟೆಯಾದ ಮೇಲೆ ಅಲ್ಲಿ ಬರುವ ಸದ್ದು ನನಗೆ ಗೊತ್ತಿತ್ತು. ಆ ಸದ್ದು ಇರಲಿಲ್ಲ. ಮೇಸ್ತ್ರಿ ಬಗ್ಗಿ ನೋಡುತ್ತಿದ್ದ.

"ಒಂದ ಮನಿ ನೀರ ಬರಾಕತ್ತೇತ್ರಿ ಬಾಯಾರ," ಎಂದ. "ಗಂಟಿ ಕೇಳಿಲ್ಲೇನ್ ಉಳದವರಿಗೆ?"

ನಾನು ತಿರುಗಿ ಓಣಿಯನ್ನು ನೋಡಿದೆ. ಬಾಗಿಲುಗಳಲ್ಲಿ ಜನ ನಿಂತಿದ್ದರು. ಮೂರು ಅಂತಸ್ತಿನ ಮನೆಯ ಬಾಲ್ಕನಿಗಳಲ್ಲಿ ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು, ಹೆಗಲ ಮೇಲೆ ಟವೆಲ್ಲು ಇದ್ದವರೂ ಇದ್ದರು. ಯಾರೂ ಒಳಗೆ ಹೋಗಲಿಲ್ಲ.

"ಕೇಳೇತಿ," ಎಂದೆ.

 ಇಬ್ಬರೂ ಅಲ್ಲಿಯೇ ನಿಂತು, ಆ ನೀರು ಪೂರ್ತಿ ಹರಿದು ಹೋಗುವವರೆಗೆ ನೋಡಿದೆವು. ಸಣ್ಣ ಧಾರೆ, ಎಲ್ಲಿಯೂ ತಡೆಯದೆ ಹೋಯಿತು.